ಕೆರೆಯ ಬಣ್ಣ ಇಳಿಸಿದ ಮಹಾನುಭಾವರು

ಪ್ರಕೃತಿಯ ಫೋಟೋಗಳಿಗೆ ಬಣ್ಣ ಮೆತ್ತುವವರನ್ನು ಕಂಡರೆ ಕನ್ನಡಕದಂಗಡಿಯವರಿಗೆ ಮೈಯೆಲ್ಲ ಉರಿಯುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಊರಿನವರ ದೃಷ್ಟಿ ತಿದ್ದಿದ ಮನುಷ್ಯ! ಹುಲ್ಲು ಎಷ್ಟು ಹಸಿರು, ಆಕಾಶ ಎಷ್ಟು ನೀಲಿ ಎಂಬುದನ್ನು ಅವರಿಗೆ ಇನ್ನೊಬ್ಬರು ಹೇಳಿಕೊಡಬೇಕೇ? ಈ ಉರಿಯ ಸಿಂಹಪಾಲು ಹೆಂಡತಿಯ ತಮ್ಮನಿಗೆ ಮೀಸಲಾಗಿತ್ತು. ಆತ ತೆಗೆದ ಬೆಟ್ಟಗಳೆಲ್ಲ ಬದನೆಕಾಯಿ ಬಣ್ಣ, ಮೋಡಗಳೆಲ್ಲ ಮದುವೆ ಮನೆಯ ಶಾಮಿಯಾನ. ಅವನ್ನು ಸಾವಿರಾರು ಜನ ಮೆಚ್ಚಿ ಕೊಂಡಾಡುವುದಂತೂ ಬೆಂಕಿಗೆ ತುಪ್ಪ ಸುರಿದಂತಾಗುತ್ತಿತ್ತು.

“ನನ್ನ ಭಾವಮೈದ ತೋರಿಸೋ ಫೋಟೋ ಯಾವತ್ತೂ ನಂಬಬೇಡಿ ಸಾರ್,” ಎಂದು ಪುರಸಭೆಯ ಎಂಜಿನಿಯರರ ಮೂಗಿನ ಮೇಲೆ ಹೊಸ ಕನ್ನಡಕ ಕೂರಿಸುತ್ತ ಅವರು ಉಪದೇಶಿಸಿದರು. “ಅವನ ಕೈಗೆ ಸಿಕ್ರೆ ಬಿಳಿ ಗೋಡೆನೂ ನೇರಳೆ. ಇನ್ನು ಮುಂದೆ ಈ ಊರಿನ ಒಂದು ಗಿಡಕ್ಕೂ ಸುಳ್ಳು ಬಣ್ಣ ಹತ್ತೋಕೆ ನಾನು ಬಿಡಲ್ಲ.”

ಈ ಶಪಥವನ್ನು ಪರೀಕ್ಷಿಸುವ ಗಳಿಗೆ ಆ ವಾರವೇ ಬಂತು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಎರಡು ತಿಂಗಳಿಂದ, ಬೀದಿಯ ಹಿಂದಿನ ಕೆರೆಯಲ್ಲಿ ಆಡಿದ ಮಕ್ಕಳೆಲ್ಲ ಮೈ ಕೆರೆದುಕೊಳ್ಳುತ್ತ ಅವಳ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಕತ್ತಲು ಹರಿಯುವ ಮೊದಲೇ ಯಾರೋ ಕೆರೆಗೆ ಏನನ್ನೋ ಬಿಡುತ್ತಿದ್ದಾರೆ ಎಂದು ಅವಳು ಪುರಸಭೆಗೆ ದೂರು ಕೊಟ್ಟಿದ್ದಳು. ಬೆಳಕಾಗುವಷ್ಟರಲ್ಲಿ ಅದು ನೀರಿನಲ್ಲಿ ಚದುರಿ ಗುರುತೇ ಸಿಗುತ್ತಿರಲಿಲ್ಲ. ಸೋಮವಾರದ ಸಭೆಗೆ ಸಾಕ್ಷಿ ತರದಿದ್ದರೆ ಕಡತ ಮುಚ್ಚುತ್ತೇವೆ ಎಂದು ಎಂಜಿನಿಯರರು ಹೇಳಿಬಿಟ್ಟಿದ್ದರು. ಹೇಗೂ ಹೊತ್ತು ಹುಟ್ಟುವ ಮುಂಚೆ ಎದ್ದು ಫೋಟೋ ತೆಗೆಯುವ ಗಂಡನಿದ್ದಾನಲ್ಲ, ಒಂದು ಕೆಲಸಕ್ಕಾದರೂ ಬರಲಿ ಎಂದು ಅವಳು ಅವರನ್ನೇ ಕಳಿಸಿದಳು.

ಅವರ ಕ್ಯಾಮೆರಾ ರಿಪೇರಿಗೆ ಹೋಗಿತ್ತು. ಹಲ್ಲು ಕಚ್ಚಿಕೊಂಡು ಭಾವಮೈದುನನದನ್ನೇ ಎರವಲು ತಂದರು. ಭಾನುವಾರ ನಸುಕಿನಲ್ಲಿ ಕೆರೆ, ದಡ, ಮರ ಎಲ್ಲವೂ ಕಣ್ಣಿಗೆ ಒಂದೇ ಬೂದಿ ಬಣ್ಣ. ಕ್ಯಾಮೆರಾವನ್ನು ಸ್ಟ್ಯಾಂಡಿಗೇರಿಸಿ, ಬೆಳಕು ಸಾಲದೆಂದು ಒಂದೊಂದು ಫೋಟೋಗೂ ಅದರ ಕಣ್ಣನ್ನು ಅರ್ಧ ನಿಮಿಷ ತೆರೆದಿಟ್ಟು, ಉಸಿರು ಬಿಗಿಹಿಡಿದು, ಹನ್ನೊಂದು ಫೋಟೋ ತೆಗೆದರು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡುತ್ತಾರೆ, ಕೆರೆಗೆ ಕೆರೆಯೇ ನೇರಳೆ! ಅವರ ಪಿತ್ತ ನೆತ್ತಿಗೇರಿತು. ಆ ಪಾಪಿ ಕ್ಯಾಮೆರಾದ ಹೊಟ್ಟೆಯೊಳಗೇ ಬಣ್ಣದ ಚಾಳಿ ಕಲಿಸಿಟ್ಟಿದ್ದಾನೆ! ಊಟವನ್ನೂ ಬಿಟ್ಟು ಕುಳಿತು, ನಾಲ್ಕು ಗಂಟೆ ಕಾಲ ಬೈಗುಳದ ಜಪ ಮಾಡುತ್ತ, ನೇರಳೆಯನ್ನು ಚೂರುಚೂರಾಗಿ ಇಳಿಸಿದರು. ಕೊನೆಗೆ ನೀರು ನೀರಿನಂತಾಯಿತು. ಮೂಲ ಫೋಟೋಗಳನ್ನು ಕ್ಯಾಮೆರಾದಿಂದಲೂ ಕಂಪ್ಯೂಟರಿನಿಂದಲೂ ಅಳಿಸಿ ಹಾಕಿದರು. ಮೂಲ ಇಟ್ಟುಕೊಳ್ಳುವುದು ತಮ್ಮ ಮೇಲೆ ತಮಗೇ ನಂಬಿಕೆಯಿಲ್ಲದವರ ಅಭ್ಯಾಸ ಎಂಬುದು ಅವರ ಸಿದ್ಧಾಂತ.

ಸಂಜೆ ಹೆಂಡತಿ ಫೋಟೋಗಳನ್ನು ಒಂದೊಂದಾಗಿ ತಿರುವಿ ಹಾಕಿ, ಇದರಲ್ಲಿ ಏನೂ ಇಲ್ಲವಲ್ಲ ಎಂದಳು. ಅವರು ಎದೆಯುಬ್ಬಿಸಿದರು. ಇರುವುದು ಹೇಗೆ ಸಾಧ್ಯ? ಅವಳ ತಮ್ಮನ ಕ್ಯಾಮೆರಾ ಬಳಿದಿದ್ದ ನೇರಳೆಯನ್ನೆಲ್ಲ ತಾವು ತೊಳೆದು ತೆಗೆದದ್ದನ್ನು ಸವಿಸ್ತಾರವಾಗಿ ವರ್ಣಿಸಿದರು.

“ಯಾವುದು ನೇರಳೆ ಇತ್ತು?”

“ನೀರು.”

“ಮರ? ಆಕಾಶ?”

ಅವರು ನೆನಪು ಮಾಡಿಕೊಂಡರು. ಮರ ಮರದ ಬಣ್ಣವೇ ಇತ್ತು. ಆಕಾಶವೂ ಸರಿಯಾಗಿಯೇ ಇತ್ತು.

“ಕೆರೆ ಆ ಕಡೆ ಬಟ್ಟೆಗೆ ಬಣ್ಣ ಹಾಕೋ ಕಾರ್ಖಾನೆ ಇದೆ ರೀ,” ಎಂದಳು ಹೆಂಡತಿ. ಅವಳ ದನಿ ಏರಲಿಲ್ಲ. ಅದೇ ಭಯವಾಗಿದ್ದು. “ಅವರು ಕೆರೆಗೆ ಬಿಟ್ಟ ಬಣ್ಣಾನ ನೀವು ಮನೇಲಿ ಕೂತು ತೊಳೆದುಕೊಟ್ರಿ.”

ಆ ರಾತ್ರಿ ಅಡುಗೆಮನೆಯ ಪಾತ್ರೆಗಳು ಅವರೊಡನೆ ಮಾತನಾಡಿದವು, ಅವಳು ಆಡಲಿಲ್ಲ.

ಸೋಮವಾರ ನಸುಕಿನಲ್ಲಿ ಅವಳು ತಮ್ಮನನ್ನು ಕೆರೆಗೆ ಓಡಿಸಿದಳು. ಪಾಪ, ಆತ ಜೀವಮಾನದಲ್ಲಿ ಮೊದಲ ಸಲ ಏನನ್ನೂ ತಿದ್ದದೆ ಫೋಟೋ ತಂದ. ಸಭೆಯಲ್ಲಿ ಎಂಜಿನಿಯರರು ನೇರಳೆ ಕೆರೆಯನ್ನು ನೋಡಿ, ಹೊಸ ಕನ್ನಡಕವನ್ನು ಮೇಲೆ ಸರಿಸಿ ಮುಗುಳ್ನಕ್ಕರು.

“ನಿಮ್ಮ ತಮ್ಮನ ಫೋಟೋ ನಂಬಬೇಡಿ ಅಂತ ನಿಮ್ಮ ಯಜಮಾನ್ರೇ ಹೇಳಿದಾರಲ್ಲಮ್ಮ.”

ಕನ್ನಡಕದವರು ಎದ್ದು ನಿಂತು, ತಪ್ಪು ತಮ್ಮದೇ ಎಂದು ಆಣೆ ಮಾಡಿದರೂ ನಗು ನಿಲ್ಲಲಿಲ್ಲ. ಹೆಂಡತಿ ಪಟ್ಟು ಹಿಡಿದದ್ದಕ್ಕೆ ಮರುದಿನ ಹತ್ತು ಗಂಟೆಯವರೆಗೆ ಗಡುವು ಸಿಕ್ಕಿತು.

ಮಂಗಳವಾರ ನಸುಕಿನಲ್ಲಿ ಕನ್ನಡಕದವರು ಸಾಕ್ಷಿಗೆ ನೀರನ್ನೇ ತುಂಬಿ ತರಲು ಒಂದು ಬಾಟಲಿ ಹಿಡಿದು ಕೆರೆಗಿಳಿದರು. ಮೈಯೆಲ್ಲ ಕೋಪ. ಕಾರ್ಖಾನೆಯ ಮೇಲೆ ಕೋಪ, ಎಂಜಿನಿಯರರ ಮೇಲೆ ಕೋಪ, ಎಲ್ಲಕ್ಕಿಂತ ಹೆಚ್ಚಾಗಿ ತಮ್ಮ ಬಾಯಿಯ ಮೇಲೆ ಕೋಪ. ಕೋಪದಲ್ಲಿ ಇಟ್ಟ ಹೆಜ್ಜೆ ಪಾಚಿಯ ಮೇಲೆ ಬಿತ್ತು. ಬಾಟಲಿ ತೇಲಿ ಹೋಯಿತು, ಯಜಮಾನರು ಸೊಂಟದವರೆಗೆ ಮುಳುಗಿದರು. ದಡಕ್ಕೆ ಬಂದಾಗ ಬಿಳಿ ಪ್ಯಾಂಟು ಬಿಳಿಯಾಗಿರಲಿಲ್ಲ. ಮನೆಯಲ್ಲಿ ಮೂರು ಸಲ ಸೋಪು ಹಚ್ಚಿದರೂ ಕಾಲುಗಳು ಎರಡು ಬದನೆಕಾಯಿಗಳಾಗಿಯೇ ಉಳಿದವು.

ಹೆಂಡತಿ ಮತ್ತೆ ಅದೇ ಪ್ಯಾಂಟು ಹಾಕಿಸಿ, ರಟ್ಟೆ ಹಿಡಿದು ಪುರಸಭೆಗೆ ಎಳೆದುಕೊಂಡು ಹೋದಳು.

“ಫೋಟೋ ಬಿಡಿ ಸಾರ್,” ಎಂದಳು. “ಫೋಟೋ ತೆಗೆದವರನ್ನೇ ಅದ್ದಿ ತಂದಿದೀನಿ.”

ಎಂಜಿನಿಯರರು ಬಗ್ಗಿ, ಪ್ಯಾಂಟಿನ ಅಂಚು ಮೇಲೆತ್ತಿ, ಮೀನಖಂಡವನ್ನು ಬೆರಳಿನಿಂದ ಉಜ್ಜಿ ನೋಡಿದರು. ಬಣ್ಣ ಹೋಗಲಿಲ್ಲ, ಅವರ ನಗು ಹೋಯಿತು. ಅರ್ಧ ಗಂಟೆಯಲ್ಲಿ ಕಾರ್ಖಾನೆಗೆ ನೋಟಿಸು ಹೊರಟಿತು. ಇಷ್ಟಾದರೂ ಹೆಂಡತಿಗೆ ಸಮಾಧಾನವಿಲ್ಲ. ನಾಳೆ ಯಾರೂ ಮಾತು ತಿರುಗಿಸದಂತೆ ಪತ್ರಿಕೆಯಲ್ಲೂ ಬರಲಿ ಎಂದು ಗಂಡನನ್ನು ಕಚೇರಿಯ ಮೆಟ್ಟಿಲ ಮೇಲೆ ನಿಲ್ಲಿಸಿ, ಪ್ಯಾಂಟನ್ನು ಮಂಡಿಯವರೆಗೆ ಮಡಿಸಿ, ತಮ್ಮನನ್ನು ಕರೆದಳು. ಬೀದಿಯವರೆಲ್ಲ ಸೇರಿದರು. ಹಳೆಯ ಗಿರಾಕಿಗಳು ಅವರೇ ಕೊಟ್ಟ ಕನ್ನಡಕ ಒರೆಸಿಕೊಂಡು ನೋಡಿದರು.

ಭಾವಮೈದುನ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದ. ಕನ್ನಡಕದವರು ಅತ್ತಿತ್ತ ನೋಡಿ, ಯಾರಿಗೂ ಕೇಳದಂತೆ ಪಿಸುಗುಟ್ಟಿದರು.

“ಲೋ, ಕಾಲಿನ ಬಣ್ಣ ಮಾತ್ರ ಸ್ವಲ್ಪ ಕಡಿಮೆ ಮಾಡಪ್ಪ.”

ಹೆಂಡತಿಗೆ ಕೇಳಿಸಿಬಿಟ್ಟಿತು.

“ಒಂದು ಚುಕ್ಕೆ ಮುಟ್ಟಿದ್ರೆ ನೋಡು,” ಎಂದಳು ತಮ್ಮನಿಗೆ.