ಕುಡಿಯದವನು ಕುಡಿತ ಬಿಟ್ಟ ಬಗೆ

ನಾನು ಅನುಮಾನದ ಮನುಷ್ಯನಲ್ಲ. ಹಾಲಿನವನು ಹಾಲು ತಂದರೆ ಅದರಲ್ಲಿ ನೀರೆಷ್ಟು ಎಂದು ಕೇಳುತ್ತೇನೆ, ನೀರು ತಂದುಕೊಟ್ಟರೆ ಯಾವ ಬಾವಿಯದು ಎಂದು ಕೇಳುತ್ತೇನೆ. ಇದಕ್ಕೆ ಜಾಣತನ ಎನ್ನುತ್ತಾರೆ. ನನ್ನ ಹೆಂಡತಿ ಪಾರ್ವತಿ ಮಾತ್ರ ಬೇರೆ ಹೆಸರಿಟ್ಟಿದ್ದಾಳೆ. ಅದನ್ನು ಇಲ್ಲಿ ಬರೆಯುವುದು ಬೇಡ. ತಮಿಳುನಾಡಿನ ಕಂಬಂ ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟವನು ಎಲ್ಲರನ್ನೂ ನಂಬುತ್ತಾ ಕೂತರೆ ಅಂಗಡಿಯಲ್ಲಿ ಬೀಜವೂ ಉಳಿಯುವುದಿಲ್ಲ, ಗೊಬ್ಬರವೂ ಉಳಿಯುವುದಿಲ್ಲ.

ಹೀಗಿರುವಾಗ ನನ್ನ ಅಕ್ಕನ ಮಗಳು ಸೆಲ್ವಿಗೆ ಒಂದು ಸಂಬಂಧ ಬಂತು. ಅಕ್ಕನ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಸೋದರಮಾವನಾದ ನಾನೇ ಆ ಮನೆಗೆ ಹಿರಿಯ. ಗಂಡು ಬತ್ತಲಗುಂಡಿನವನು, ನಮ್ಮವನೇ, ಮನೆಯಲ್ಲಿ ನಮ್ಮ ಹಾಗೆಯೇ ಕನ್ನಡ ಆಡುವ ಜನ. ಅಪ್ಪನಿಗೆ ಒಡ್ಡನ್‌ಛತ್ರಂ ಸಂತೆಯಿಂದ ತರಕಾರಿ ಸಾಗಿಸುವ ಲಾರಿಗಳು. ಹಿಂದೆ ಬಂದ ಗಂಡುಗಳನ್ನೆಲ್ಲ ಮೂಗು ಮುರಿದು ಕಳಿಸಿದ್ದ ಸೆಲ್ವಿ, ಇವನಿಗೆ ಕಾಫಿ ಕೊಡುವಾಗ ನಕ್ಕಳು. ಅಕ್ಕ ಅದನ್ನು ಕಂಡು ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ಎಲ್ಲರಿಗೂ ಸಂತೋಷ.

ನಾನು ಮಾತ್ರ ಬೇರೆಯದನ್ನು ನೋಡುತ್ತಿದ್ದೆ. ಲಾರಿ ಯಜಮಾನನ ಮಗ ಬಸ್ಸಿನಲ್ಲಿ ಬಂದಿದ್ದ! ಮನೆಯಲ್ಲಿ ಜೀಪಿದೆ, ಬೈಕಿದೆ, ಲಾರಿಗಳಿಗಂತೂ ಲೆಕ್ಕವಿಲ್ಲ. ಸಾಲದ್ದಕ್ಕೆ ಬಾಯಲ್ಲಿ ಏಲಕ್ಕಿಯ ವಾಸನೆ.

ಅವರು ಹೊರಟ ಮೇಲೆ ಪಾರ್ವತಿಗೆ ಹೇಳಿದೆ. "ಇದ್ರಾಗೆ ಏನೋ ಅದೆ. ಕುಡ್ದು ವಂಡಿ ಓಡ್ಸಿ ಪೋಲೀಸ್ನೋರ ಕೈಗೆ ಸಿಕ್ಕವ್ನೆ. ಲೈಸನ್ಸ್ ಕಿತ್ಕೊಂಡವ್ರೆ. ಅದುಕ್ಕೇ ಬಸ್ಸು."

"ಏಲಕ್ಕಿ?"

"ವಾಸ್ನೆ ಮುಚ್ಚಾಕೆ."

"ಏನುಂಗ, ನಮ್ಮಪ್ಪನೂ ದಿನಾ ಏಲಕ್ಕಿ ಆಕ್ಕೋತಿದ್ರು," ಎಂದಳು ಪಾರ್ವತಿ.

ನನಗೆ ಮಾವನವರ ಮೇಲೂ ಆಗಲೇ ಒಂದು ಸಣ್ಣ ಅನುಮಾನ ಹುಟ್ಟಿತು.

ಕೇಸು ನಡೆದಿದ್ದರೆ ಕೋರ್ಟಿನಲ್ಲಿ ದಾಖಲೆ ಇರಲೇಬೇಕು. ಹೋಗಿ ನೋಡಿದರಾಯಿತು. ಆದರೆ ನಮ್ಮವರಲ್ಲಿ ಒಂದು ಕಟ್ಟುಪಾಡಿದೆ: ಎಲೆ ಅಡಿಕೆ ಬದಲಾಯಿಸಿಕೊಳ್ಳುವವರೆಗೆ, ಎಲ್ಲಿ ವಿಚಾರಿಸಿದರೂ ಗಂಡಿನ ಹೆಸರು ಎತ್ತಬಾರದು. ಹೆಸರು ಹಿಡಿದು ವಿಚಾರಿಸಿದರೆ ಅದು ಗಂಡಿನ ಮನೆಗೆ ಅವಮಾನ. ಟೀ ಅಂಗಡಿಯಲ್ಲಿ ಕೇಳಿದರೇ ಸಂಬಂಧ ಮುರಿದುಹೋಗುತ್ತದೆ. ಕೋರ್ಟಿನಲ್ಲಿ ಕೇಳಿದರೆ ಏಳು ತಲೆಮಾರಿನವರೆಗೆ ಆ ಮನೆಯಿಂದ ಹೆಣ್ಣೂ ಇಲ್ಲ, ಗಂಡೂ ಇಲ್ಲ.

ಇದಕ್ಕೊಂದು ಉಪಾಯ ಹೂಡಿ, ಪಾರ್ವತಿಗೆ ಮಾತ್ರ ಹೇಳಿದೆ. ಕೋರ್ಟಿಗೆ ಹೋಗಿ ನನ್ನದೇ ಹೆಸರು ಹೇಳುವುದು! ನನ್ನ ಹೆಸರು ಹುಡುಕಲು ಅವರು ಕೇಸುಗಳ ಪುಸ್ತಕ ತೆಗೆಯುತ್ತಾರೆ. ನಾನು ಪಕ್ಕದಲ್ಲಿ ನಿಂತು ಕಣ್ಣಂಚಿನಲ್ಲಿ ಗಂಡಿನ ಹೆಸರು ಹುಡುಕುತ್ತೇನೆ. ಈ ಯೋಜನೆಯಲ್ಲಿ ಲೋಪವೇ ಇಲ್ಲ ಎಂದು ಆ ಬೆಳಿಗ್ಗೆ ಬಸ್ಸು ಹತ್ತುವಾಗ ನನಗೆ ಪೂರ್ತಿ ನಂಬಿಕೆಯಿತ್ತು.

ಬತ್ತಲಗುಂಡಿನ ಕಡೆಯ ಕೇಸುಗಳು ಬರುವ ಕೋರ್ಟನ್ನು ಕೇಳಿ ಕೇಳಿ ತಲುಪಿದೆ. ಹಳೆಯ ಕೇಸುಗಳನ್ನು ನೋಡಿಕೊಳ್ಳುವ ಗುಮಾಸ್ತರು ತಲೆ ಎತ್ತದೆ ತಮಿಳಿನಲ್ಲಿ ಕೇಳಿದರು.

"ಏನು ಕೇಸು?"

"ಕುಡಿದು ವಾಹನ ಓಡಿಸಿದ್ದು."

"ಯಾರದು?"

"ನಂದೇ," ಎಂದೆ, ಎದೆ ಸೆಟೆಸಿ.

ಈಗ ತಲೆ ಎತ್ತಿದರು. "ಯಾವಾಗ ಹಿಡಿದರು?"

"ಅದನ್ನೇ ನೋಡಬೇಕಾಗಿತ್ತು. ಕೇಸು ಇದೆಯೋ ಇಲ್ಲವೋ ತಿಳಿಯಬೇಕು."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ತಮ್ಮ ಮೇಲೆ ಕೇಸಿಲ್ಲ ಎನ್ನುವವರನ್ನು ಅವರು ದಿನವೂ ಕಾಣುತ್ತಿದ್ದರು. ಇದ್ದರೆ ದಯವಿಟ್ಟು ಹುಡುಕಿಕೊಡಿ ಎಂದು ಬಂದವನು ನಾನೇ ಮೊದಲಿಗನಿರಬೇಕು. "ನೆನಪೇ ಇಲ್ಲದಷ್ಟು ಕುಡಿಯುತ್ತೀರಾ?" ಎಂದು ಮೆಲ್ಲಗೆ, ಮರುಕದಿಂದಲೇ ಕೇಳಿದರು.

ಇಲ್ಲ ಎಂದರೆ ಉಪಾಯ ಕೆಡುತ್ತದೆ. "ಹಾಗೇ ಅಂದುಕೊಳ್ಳಿ," ಎಂದೆ.

ಬಾಯಿಮಾತಿಗೆ ಪುಸ್ತಕ ತೆಗೆಯುವುದಿಲ್ಲ, ಅರ್ಜಿ ಕೊಡಿ ಎಂದರು. ಹೊರಗೆ ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡವನೊಬ್ಬ ಕೂತಿದ್ದ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ತನ್ನ ಕಡೆಯಿಂದಲೂ ಸ್ವಲ್ಪ ಸೇರಿಸಿ ಟಕಟಕ ಬಡಿದ. ಅದರ ಸಾರ ಹೀಗಿತ್ತು: 'ಕಂಬಂ ಪೇಟೆಯಲ್ಲಿ ಬೀಜ ಗೊಬ್ಬರ ವ್ಯಾಪಾರ ಮಾಡಿಕೊಂಡಿರುವ ಅರ್ಜಿದಾರನಾದ ನಾನು, ಮದ್ಯಪಾನ ಮಾಡಿ ವಾಹನ ಚಲಾಯಿಸಿದ್ದೇನೆಯೇ ಇಲ್ಲವೇ ಎಂಬುದು ನನಗೇ ನೆನಪಿಲ್ಲದ ಕಾರಣ, ಸನ್ನಿಧಾನವು ಪರಿಶೀಲಿಸಿ ತಿಳಿಸಬೇಕಾಗಿ ಕೈಮುಗಿದು ಬೇಡುತ್ತೇನೆ.' ನಾನು ಕೆಳಗೆ ಸಹಿ ಹಾಕಿದೆ. ಅದೂ ಅಂಗಡಿಯ ಮೊಹರಿನ ಸಮೇತ!

ಗುಮಾಸ್ತರು ಅರ್ಜಿ ಓದಿ, ಪಕ್ಕದ ಮೇಜಿನವರಿಗೆ ಕೊಟ್ಟರು. ಅವರು ಓದಿ ಬಾಗಿಲಲ್ಲಿ ನಿಂತ ಪೋಲೀಸಿನವನಿಗೆ ಕೊಟ್ಟರು. ಪೋಲೀಸಿನವನು ಓದಿ ನನ್ನ ಹತ್ತಿರ ಬಂದು ಗಾಳಿಯನ್ನು ಮೂಸಿದ. ಆಮೇಲೆ ಗುಮಾಸ್ತರು ಪುಸ್ತಕವನ್ನು ತಮ್ಮ ಎದೆಗೆ ಆನಿಸಿ ಹಿಡಿದುಕೊಂಡು, ಒಬ್ಬರೇ ಹಾಳೆ ತಿರುವಿದರು. ನನ್ನ ಕಣ್ಣಂಚಿಗೆ ಕಂಡದ್ದು ಅದರ ರಟ್ಟು ಮಾತ್ರ.

"ನಿಮ್ಮ ಹೆಸರಿಲ್ಲ," ಎಂದರು ಕೊನೆಗೆ. "ಆದರೂ ನಿಶ್ಚಿಂತೆ ಬೇಡ. ಬೇರೆ ಊರಿನ ಕೋರ್ಟಿನಲ್ಲಿ ಇರಬಹುದು. ಆಂಡಿಪಟ್ಟಿ ಕಡೆ ವಿಚಾರಿಸಿ."

ಪೋಲೀಸಿನವನು ಬಸ್ ನಿಲ್ದಾಣದ ದಾರಿಯವರೆಗೆ ಜೊತೆಗೆ ಬಂದ. ಮಕ್ಕಳ ಮುಖ ನೋಡಿಯಾದರೂ ಬಿಡಿ ಅಣ್ಣಾ ಎಂದ. ಬಿಡುತ್ತೇನೆ ಎಂದು ಮಾತು ಕೊಟ್ಟೆ. ಕೊಡದಿದ್ದರೆ ಕಂಬಂವರೆಗೂ ಬರುವವನ ಹಾಗೆ ಕಾಣುತ್ತಿದ್ದ.

ವಾರ ಕಳೆಯಿತು. ಗಂಡಿನ ಚಿಕ್ಕಪ್ಪ ರಂಗಸಾಮಿ ಒಬ್ಬರೇ ಅಕ್ಕನ ಮನೆಗೆ ಬಂದರು. ಪಾರ್ವತಿಯೂ ನಾನೂ ಅಲ್ಲೇ ಇದ್ದೆವು. ಅವರು ಕಾಫಿ ಮುಟ್ಟಲಿಲ್ಲ. ಕಾಫಿ ಮುಟ್ಟದ ಬೀಗರೆಂದರೆ ಮುರಿದ ಸಂಬಂಧ ಎಂದೇ ಲೆಕ್ಕ. ಅಕ್ಕನ ಮುಖ ಬಾಡಿತು. ಬಾಗಿಲ ಹಿಂದೆ ಸೆಲ್ವಿಯ ಬಳೆ ಸದ್ದಾಗಿ ನಿಂತಿತು.

"ಉಡ್ಗಿ ಮ್ಯಾಲೆ ಒಂದ್ ಮಾತಿಲ್ಲ," ಎಂದರು ರಂಗಸಾಮಿ. "ಅಕ್ಕನೂ ದೇವ್ರಂತೋರು. ನಮ್ಗೆ ಸಂದೇಗ ಬಂದಿರದು ಮಾಮನ ಮ್ಯಾಲೆ."

"ನನ್ ಮ್ಯಾಲಾ?"

"ಕೋರ್ಟಾಗೆ ಟೈಪ್ ಒಡ್ಯೋನು ನಮ್ ಬೀದಿಯೋನು. ಕುಡ್ದಿದ್ನೋ ಇಲ್ವೋ ಗ್ಯಾಪಕ ಇಲ್ಲಾಂತ ನೀವೇ ಅರ್ಜಿ ಎಳ್ದಿ ಕೊಟ್ರಂತೆ. ಸಯ್ಯಿ ಆಕಿ ಸೀಲೂ ಒತ್ತಿದ್ರಂತೆ."

ಅಕ್ಕ ನನ್ನ ಕಡೆ ತಿರುಗಿದಳು. ಪಾರ್ವತಿ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುವಿಗೋ ನಗುವಿಗೋ ತಿಳಿಯಲಿಲ್ಲ.

"ನಮ್ ಮನೇಲಿ ಯಾರ್ಗೂ ಆ ಕುಡ್ಯೋ ಪಳಕ ಇಲ್ಲ," ಎಂದು ರಂಗಸಾಮಿ ಮುಂದುವರಿಸಿದರು. "ನಮ್ ಉಡ್ಗಂಗಂತೂ ವಂಡಿ ಓಡ್ಸಾಕೇ ಬರಲ್ಲ. ಚಿಕ್ಕೋನಾಗಿದ್ದಾಗ ಸೈಕಲ್ಲಿಂದ ಬಿದ್ದು ಕೈ ಮುರ್ಕೊಂಡ. ಆಮ್ಯಾಕೆ ಯಾವ ವಂಡೀನೂ ಮುಟ್ಟಿಲ್ಲ. ಎಲ್ಲೋದ್ರೂ ಬಸ್ಸೇ. ಬಸ್ಸಾಗೆ ವಾಂತಿ ಬತ್ತದೇಂತ ಬಾಯಿಗೆ ಏಲಕ್ಕಿ ಆಕ್ಕೊಂಡೋಯ್ತಾನೆ."

ಕುಳಿತಿದ್ದ ಜಾಗದಲ್ಲೇ ಭೂಮಿ ಬಾಯಿಬಿಟ್ಟಿದ್ದರೆ ಒಳಗಿಳಿಯುತ್ತಿದ್ದೆ. ನನಗೆ ಇದ್ದದ್ದು ಎರಡೇ ದಾರಿ. ಸತ್ಯ ಹೇಳಿದರೆ ನನ್ನ ಮಾನ ಉಳಿಯುತ್ತದೆ. ಆದರೆ ಗಂಡಿನ ಮೇಲೆ ಅನುಮಾನಪಟ್ಟು ಕೋರ್ಟಿನವರೆಗೆ ಹೋದೆ ಎಂದಾಗುತ್ತದೆ, ರಂಗಸಾಮಿ ಅಲ್ಲಿಂದಲೇ ಎದ್ದು ಹೋಗುತ್ತಾರೆ. ಬಾಗಿಲ ಹಿಂದಿನ ಬಳೆ ಇನ್ನೂ ಅಲುಗಿರಲಿಲ್ಲ. ಆ ಮಗುವನ್ನು ಎತ್ತಿ ಆಡಿಸಿದವನು ನಾನು.

"ಕುಡೀತಿದ್ದೆ," ಎಂದೆ. "ಈಗ ಬಿಟ್ಟಿವ್ನಿ."

ರಂಗಸಾಮಿಯವರ ಮುಖ ಅರಳಿತು. "ಒಪ್ಕೊಂಡ್ರಲ್ಲ, ಅದು ದೊಡ್ ಮನ್ಸು. ಕುಡ್ಯೋ ಮಾಮ ಯಾವ್ ಮನೇಲಿಲ್ಲ? ಕರುಪ್ಪಸಾಮಿ ಕೋವಿಲಾಗೆ ಕೈಗೆ ಕಯಿರು ಕಟ್ಟಿಸ್ಕೊಂಡು ಆಣೆ ಆಕ್ಬುಡಿ. ನಮ್ಗೂ ನೆಮ್ದಿ." ಎಂದವರೇ ಆರಿದ ಕಾಫಿಯನ್ನು ಎತ್ತಿ ಒಂದೇ ಗುಟುಕಿಗೆ ಕುಡಿದರು.

ಶುಕ್ರವಾರ ಎರಡೂ ಮನೆಯವರು ಕರುಪ್ಪಸಾಮಿಯ ಗುಡಿಯಲ್ಲಿ ಸೇರಿದರು. ಪೂಜಾರಿ ನನ್ನನ್ನು ದೇವರ ಅರಿವಾಳು ಮಚ್ಚಿನ ಮುಂದೆ ನಿಲ್ಲಿಸಿ, ಕೈಯಲ್ಲಿ ಕರಿಯ ದಾರದ ಕಯಿರು ಹಿಡಿದು, ಎಲ್ಲರಿಗೂ ಕೇಳುವಂತೆ ವಿಚಾರಿಸಿದ.

"ಏನು ಕುಡಿಯೋದು?"

ನನಗೆ ಒಂದರ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ. ತಪ್ಪು ಹೆಸರು ಹೇಳಿ ಸಿಕ್ಕಿಬೀಳುವುದಕ್ಕಿಂತ ಎಂದು, "ಎಲ್ಲಾನೂ," ಎಂದೆ.

ಪೂಜಾರಿ ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಬಂದು, ಮೂರು ಗಂಟು ಹಾಕುವಲ್ಲಿ ಐದು ಹಾಕಿದ.

ಮದುವೆ ಚೆನ್ನಾಗಿಯೇ ಆಯಿತು. ಸೆಲ್ವಿಯ ಕೈ ಹಿಡಿದು ಹಸೆಗೆ ಕರೆತಂದವನು ನಾನೇ. ಗಂಡಿನ ಕಡೆಯ ಹೆಂಗಸರು ನನ್ನನ್ನು ತೋರಿಸಿ ತಮ್ಮ ತಮ್ಮ ಗಂಡಂದಿರಿಗೆ, "ನೋಡ್ರೀ, ಅಂಥೋರೇ ಬಿಟ್ಟವ್ರೆ," ಎಂದು ಬುದ್ಧಿ ಹೇಳುತ್ತಿದ್ದರು. ಆ ಗಂಡಂದಿರಲ್ಲಿ ಇಬ್ಬರು ಊಟದ ನಂತರ ನನ್ನನ್ನು ಮೂಲೆಗೆ ಕರೆದು, ಕುಡಿತ ಬಿಟ್ಟ ಮೇಲೆ ಕೈ ನಡುಗಿದರೆ ಏನು ಮಾಡಬೇಕು ಎಂದು ಕೇಳಿದರು. ಮಜ್ಜಿಗೆ ಕುಡಿಯಲು ಹೇಳಿದೆ.

ಬಸ್ಸಿನಲ್ಲಿ ಹಿಂದಿರುಗುವಾಗ ತೇನಿ ದಾಟಿತು. ಪಾರ್ವತಿ ನನ್ನ ಕಡೆ ತಿರುಗಿದಳು.

"ಏನುಂಗ, ಒಂದ್ ಕೇಳ್ತೀನಿ. ಕೋಪ ಮಾಡ್ಕೋಬಾರ್ದು."

"ಕೇಳು."

"ನಾನು ಆಡಿ ಮಾಸಕ್ಕೆ ಅಮ್ಮನ ಮನೆಗೆ ಓದಾಗೆಲ್ಲ ನೀವು ಒಬ್ರೇ ಏನ್ಮಾಡ್ತಿದ್ರಿ?"

"ಏನ್ಮಾಡ್ತೀನಿ? ಅಂಗಡಿ, ಮನೆ."

"ಅಲ್ಲ, ರಂಗಸಾಮಿ ಅಣ್ಣನ್ ತಾವ ಅಷ್ಟು ಸಲೀಸಾಗಿ ಒಪ್ಕೊಂಡ್ರಿ. ಪೂಜಾರಿ ಕೇಳಿದ್ರೆ ಎಲ್ಲಾನೂ ಅಂದ್ರಿ. ಕುಡೀದೋರ್ ಬಾಯಾಗೆ ಅಂಗೆ ಬತ್ತದಾ?"

ಅವಳಿಗೆ ಮೊದಲಿನಿಂದ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳಿಗೆ ಗೊತ್ತಿದ್ದ ಕಥೆಯನ್ನೇ ಅವಳಿಗೆ ಹೇಳಿದೆ. ಚಿನ್ನಮನೂರು ಬರುವವರೆಗೂ ಹೇಳಿದೆ. ಅವಳು ತಲೆಯಾಡಿಸುತ್ತಾ ಕೇಳಿ, ಕಿಟಕಿಯ ಕಡೆ ಮುಖ ತಿರುಗಿಸಿ, "ಸರಿ, ನಾ ನಂಬ್ತೀನಿ," ಎಂದಳು.

ಆ ವರ್ಷ ಆಡಿಯಲ್ಲಿ ಅವಳು ತವರಿಗೆ ಹೋಗಲಿಲ್ಲ. ದಿನವೂ ಅಂಗಡಿಗೆ ಬಂದು, ಗೊಬ್ಬರದ ಮೂಟೆಗಳ ನಡುವೆ ಕುರ್ಚಿ ಹಾಕಿಸಿಕೊಂಡು, ನನ್ನ ಎದುರಿಗೇ ಕೂತಳು.