ಚಿಕ್ಕತ್ತೆಯ ಹಿತ್ತಲಿನ ರಸ್ತೆ

ನಮ್ಮ ಚಿಕ್ಕತ್ತೆಗೆ ಅಬ್ಬಿಗೆರೆಯಲ್ಲಿ ಒಂದು ಸ್ವಂತ ರಸ್ತೆಯಿದೆ. ನಗಬೇಡಿ! ಸೈಟು, ಮನೆ, ಬಾಡಿಗೆ ಮಳಿಗೆ ಇರುವವರನ್ನು ನೀವು ಬೇಕಾದಷ್ಟು ಜನ ನೋಡಿರಬಹುದು. ಬಸ್ಸು, ಲಾರಿ, ನೀರಿನ ಟ್ಯಾಂಕರುಗಳು ಹಗಲಿಡೀ ಓಡಾಡುವ ಡಾಂಬರು ರಸ್ತೆಯೊಂದರ ಒಡತಿಯನ್ನು ನೋಡಿದ್ದೀರಾ?

ಚಿಕ್ಕತ್ತೆ ಎಂದರೆ ನನ್ನ ಅತ್ತೆಯವರ ತಂಗಿ. ಅವರು ಮದುವೆಯಾಗಿ ಬಂದಾಗ ಅಬ್ಬಿಗೆರೆ ಇನ್ನೂ ಹಳ್ಳಿ. ಈಗ ರಸ್ತೆಯಿರುವ ಜಾಗದಲ್ಲಿ ಆಗ ಅವರ ಹಿತ್ತಲು. ಅದರಲ್ಲೊಂದು ನುಗ್ಗೆಮರ, ಒಂದು ಬಟ್ಟೆ ಒಗೆಯುವ ಕಲ್ಲು. ರಸ್ತೆ ಬಂತು, ಅಗಲವಾಯಿತು. ಮರ ಹೋಯಿತು, ಕಲ್ಲು ಹೋಯಿತು. ಹಿತ್ತಲು ಮಾತ್ರ ಚಿಕ್ಕತ್ತೆಯ ತಲೆಯಿಂದ ಹೋಗಲಿಲ್ಲ. “ಸರ್ಕಾರ್ದೋರಿಗೆ ಕೊಟ್ಟಿರೋದು ಓಡಾಡೋಕೆ ಅಷ್ಟೇ ಕಣಮ್ಮಿ. ಇತ್ಲು ನಮ್ದೇ” ಎನ್ನುತ್ತಾರೆ, ಸೆರಗು ಸಿಕ್ಕಿಸಿಕೊಳ್ಳುತ್ತ.

ಹಾಲಿನ ಅಂಗಡಿ, ಶಾಲೆ, ಮಾರಮ್ಮನ ಗುಡಿ ಎಲ್ಲವೂ ರಸ್ತೆಯ ಆಚೆ ಬದಿಗೆ. ಸಿಗ್ನಲ್ ಇಲ್ಲ, ದಾಟಲು ಬಿಳಿಪಟ್ಟೆಯೂ ಇಲ್ಲ. ಅವರ ಪಕ್ಕದ ಬೀದಿಯಲ್ಲಿರುವ ನಾನು ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್ ಕಲಿಸಿದಂತೆ ಬಲಗಡೆ ನೋಡಿ, ಎಡಗಡೆ ನೋಡಿ, ಮತ್ತೆ ಬಲಗಡೆ ನೋಡುವಷ್ಟರಲ್ಲಿ ಎದುರಿಗೊಂದು ಹೊಸ ಅಪಾರ್ಟ್‌ಮೆಂಟು ಎದ್ದಿರುತ್ತದೆ! ಚಿಕ್ಕತ್ತೆ ಹಾಗಲ್ಲ. ಬೆಳಿಗ್ಗೆ ಶಾಲೆಯ ಹೊತ್ತಿಗೆ ಸರಿಯಾಗಿ ಬಂದು, ಎಡಗೈಯಲ್ಲಿ ತರಕಾರಿ ಚೀಲ ಹಿಡಿದು, ಬಲಗೈಯನ್ನು ಅಡ್ಡ ಚಾಚಿ ರಸ್ತೆಗೆ ಇಳಿಯುತ್ತಾರೆ. ಬರುವ ಗಾಡಿಯನ್ನಲ್ಲ, ಗಾಡಿಯವನ ಮುಖವನ್ನು ನೋಡುತ್ತಾರೆ. ಅಷ್ಟೇ. ಗಾಡಿ ನಿಲ್ಲುತ್ತದೆ. ಮಕ್ಕಳು, ಬಸುರಿಯರು, ಮಂಡಿನೋವಿನವರು, ಕೊನೆಯಲ್ಲಿ ನಾನು, ಎಲ್ಲರೂ ದಾಟುತ್ತೇವೆ.

ಇದರ ಗುಟ್ಟೇನೆಂದು ಒಮ್ಮೆ ಕೇಳಿದ್ದೆ. ಮುಖಕ್ಕೆ ಮುಖ ಕೊಟ್ಟ ಮೇಲೆ ಯಾವ ಮನುಷ್ಯನೂ ಮೈಮೇಲೆ ಗಾಡಿ ಹತ್ತಿಸುವುದಿಲ್ಲವಂತೆ; ಹತ್ತರಲ್ಲಿ ಒಂಬತ್ತು ಜನ ನಕ್ಕೂ ನಗುತ್ತಾರಂತೆ. ಕಪ್ಪು ಗಾಜಿನ ಕಾರುಗಳನ್ನು ಕಂಡರೆ ಅವರಿಗೆ ಆಗದಿರುವುದು ಇದಕ್ಕೇ. ಅಂಥದೊಂದು ಕಾರನ್ನು ನಿಲ್ಲಿಸಿ, ಗಾಜು ತಟ್ಟಿ, “ಮೊಕ ತೋರ್ಸಪ್ಪ” ಎಂದಿದ್ದರು. ಪಾಪ, ಒಳಗಿದ್ದಾತ ಗಾಜಿಳಿಸಿ ಡ್ರೈವಿಂಗ್ ಲೈಸೆನ್ಸ್ ಚಾಚಿದ! ಇನ್ನೊಬ್ಬ ಬಿಡದೆ ಹಾರನ್ ಬಾರಿಸಿದಾಗ ಚಿಕ್ಕತ್ತೆ ಕೇಳಿದ ಮಾತು ನಮ್ಮ ಬೀದಿಯಲ್ಲಿ ಇಂದಿಗೂ ಚಾಲ್ತಿಯಲ್ಲಿದೆ: “ಒಬ್ಬರ ಮನೆ ಬಾಗ್ಲಲ್ಲಿ ನಿಂತ್ಕೊಂಡು ಅಂಗೆಲ್ಲ ಕಿರುಚ್ತಾರೇನಪ್ಪ?”

ಒಡತಿಯೆಂದ ಮೇಲೆ ಅತಿಥಿ ಸತ್ಕಾರವೂ ಬೇಕಲ್ಲ? ಪ್ರತಿ ಸಂಕ್ರಾಂತಿಗೂ ತಟ್ಟೆ ಹಿಡಿದು ಬಂದು, ನಿಂತ ಗಾಡಿಗಳಿಗೆಲ್ಲ ಎಳ್ಳುಬೆಲ್ಲ ಬೀರುತ್ತಾರೆ. ಒಂದು ವರ್ಷ ಬಸ್ಸಿನ ಡ್ರೈವರನಿಗೆ ಕೊಟ್ಟರು. ಕಂಡಕ್ಟರ್ ತನಗೂ ಬೇಕೆಂದ. ಹೆಂಗಸರ ಸೀಟಿನವರು ನಾವೇನು ಪಾಪ ಮಾಡಿದ್ದೆವು ಎಂದರು. ಸಕ್ಕರೆ ಅಚ್ಚು ಮುಗಿಯುವ ಹೊತ್ತಿಗೆ ವಾಹನಗಳ ಸಾಲು ಕೆರೆಯ ತಿರುವಿನ ತನಕ ಬೆಳೆದು, ಏನಾಯಿತೆಂದು ನೋಡಲು ಬಂದ ಟ್ರಾಫಿಕ್ ಪೊಲೀಸರಿಗೆ ಕಬ್ಬಿನ ತುಂಡು ಸಿಕ್ಕಿತು. ಅವರೂ ನಕ್ಕರು. ಚಿಕ್ಕತ್ತೆ ನನ್ನ ಕಡೆ ತಿರುಗಿ, ‘ನೋಡಿದೆಯಾ?’ ಎಂಬಂತೆ ಹುಬ್ಬು ಹಾರಿಸಿದರು.

ಇದನ್ನೆಲ್ಲ ಯಾರೋ ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದ್ದರಿಂದ, ಯಲಹಂಕದ ಕಡೆಯ ಕಾಲೇಜೊಂದು ಚಿಕ್ಕತ್ತೆಯನ್ನು ಭಾಷಣಕ್ಕೆ ಕರೆಯಿತು. ಹೊಸ ಯೋಚನೆಗಳನ್ನು ಹಂಚಿಕೊಂಡು ಸಮಾಜವನ್ನು ಬದಲಾಯಿಸುವ ಕಾರ್ಯಕ್ರಮವಂತೆ. ಕುತ್ತಿಗೆಗೆ ಬ್ಯಾಡ್ಜು ಹಾಕಿಕೊಂಡ ಒಬ್ಬಳು ವಿದ್ಯಾರ್ಥಿನಿ ಮನೆಗೇ ಬಂದು, “ಅಜ್ಜಿ, ನಿಮ್ಮ ಐಡಿಯಾ ಏನು?” ಎಂದು ಕೇಳಿದಳು.

“ನಿಲ್ಲಿ ಅಂತೀನಿ. ನಿಲ್ತಾರೆ.”

ಆ ಹುಡುಗಿ ಅದನ್ನು ‘ಸಮುದಾಯ ಕೇಂದ್ರಿತ ಸಂಚಾರ ನಿರ್ವಹಣೆ’ ಎಂದು ಬರೆದುಕೊಂಡಳು. ನಾಲ್ಕು ದಿನದಲ್ಲಿ ಭಾಷಣವೂ ಟೈಪಾಗಿ ಬಂತು.

ಅದರ ಕೊನೆಯ ಸಾಲು ಮಾತ್ರ ನನ್ನ ಮೈದುನ, ಅಂದರೆ ಚಿಕ್ಕತ್ತೆಯ ಮಗ, ಆ ಹುಡುಗಿಗೆ ಹೇಳಿ ಸೇರಿಸಿದ್ದು: ‘ಇಂದಿನಿಂದ ನಾನು ರಸ್ತೆಗೆ ಇಳಿಯುವುದಿಲ್ಲ, ಈ ಕೆಲಸವನ್ನು ಯುವಜನರಿಗೆ ಒಪ್ಪಿಸುತ್ತಿದ್ದೇನೆ.’ ಅವನದೂ ತಪ್ಪಲ್ಲ. ಯುಗಾದಿಯ ಸುಮಾರಿಗೆ ಒಂದು ಸ್ಕೂಟರ್ ತಗುಲಿ ಚಿಕ್ಕತ್ತೆಯ ಮೊಣಕೈ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಂದಿನಿಂದ ಅವನಿಗೆ ಆಫೀಸಿನಲ್ಲಿ ಫೋನು ಬಂದರೆ ಎದೆ ಹಾರುತ್ತದೆ. ಅಮ್ಮನನ್ನು ಬೈದು ನೋಡಿದ, ಬೇಡಿಕೊಂಡು ನೋಡಿದ. ಸಭೆಯಲ್ಲಿ ಆಡಿದ ಮಾತಿಗೆ ಅಮ್ಮ ಎಂದೂ ತಪ್ಪುವವರಲ್ಲ ಎಂಬುದು ಅವನಿಗೆ ಗೊತ್ತು. “ಆ ಸಾಲು ಹೇಳ್ತೀನಿ ಅಂದ್ರೆ ಕಾರಲ್ಲಿ ಕರ್ಕೊಂಡು ಹೋಗ್ತೀನಮ್ಮ” ಎಂದ. ಚಿಕ್ಕತ್ತೆ “ನೋಡಾಣ” ಎಂದರು. ಆ ‘ನೋಡಾಣ’ಕ್ಕೆ ಒಪ್ಪಿಗೆಯೆಂಬ ಅರ್ಥ ಹಚ್ಚಿದವನು ಮಗ ಮಾತ್ರ!

ತಾಲೀಮು ನಮ್ಮ ಅಡುಗೆಮನೆಯಲ್ಲಿ ನಡೆಯಿತು. ಕಾಗದವನ್ನು ಕೈಗೆ ಕೊಟ್ಟರೆ, “ನೀನೇ ಓದು, ನಿಂದು ಕಾನ್ವೆಂಟ್ ಗಂಟಲು” ಎಂದು ಹಿಂದಕ್ಕೆ ಕೊಟ್ಟು ಅವರೆಕಾಯಿ ಬಿಡಿಸಲು ಕುಳಿತರು. ‘ನನ್ನ ಜರ್ನಿ’ ಎಂದು ಓದಿದೆ. “ನಾನೆಲ್ಲಮ್ಮಿ ಓಗಿದ್ದೆ? ಈ ಕಡೆಯಿಂದ ಆ ಕಡೀಕೆ” ಎಂದರು. ಕೊನೆಯ ಸಾಲಿಗೆ ಬಂದಾಗ ಮೊರದ ಮೇಲೆ ಇನ್ನಷ್ಟು ಬಾಗಿದರು. ಕಾಳನ್ನು ಸಿಪ್ಪೆಯ ಮೊರಕ್ಕೂ ಸಿಪ್ಪೆಯನ್ನು ಪಾತ್ರೆಗೂ ಹಾಕುತ್ತಿದ್ದರು. ಮನಸ್ಸು ಸರಿಯಿಲ್ಲವೇನೋ ಎಂದುಕೊಂಡೆ.

ಆ ದಿನ ಬಂತು. ವೇದಿಕೆಯ ನಡುವೆ ದುಂಡನೆಯ ಕೆಂಪು ಜಮಖಾನ, ಕಾಲಬುಡದಲ್ಲಿ ಹಿಂದಕ್ಕೆ ಎಣಿಸುವ ಗಡಿಯಾರ. ಚಿಕ್ಕತ್ತೆ ಚಪ್ಪಲಿಯನ್ನು ಜಮಖಾನದ ಅಂಚಿಗೆ ಒಪ್ಪವಾಗಿ ಬಿಟ್ಟು ಮೇಲೆ ನಿಂತರು. ಸಭಾಂಗಣದ ದೀಪಗಳೆಲ್ಲ ಆರಿ, ಒಂದೇ ಒಂದು ಕಣ್ಣು ಕುಕ್ಕುವ ಬೆಳಕು ಅವರ ಮೇಲೆ ಬಿತ್ತು. ಚಿಕ್ಕತ್ತೆ ಹಣೆಗೆ ಕೈ ಅಡ್ಡ ಹಿಡಿದು ಕತ್ತಲೆಯೊಳಕ್ಕೆ ಇಣುಕಿದರು.

“ಯಾರಾದ್ರೂ ಇದ್ದೀರೇನಪ್ಪ?”

ಸಭೆ ಗೊಳ್ಳೆಂದಿತು. ಅವರು ನಗಲಿಲ್ಲ. “ಲೈಟ್ ಆಕಿ” ಎಂದರು.

ಪಕ್ಕದ ಪರದೆಯಿಂದ ಟೈ ಕಟ್ಟಿದ ಮೇಷ್ಟರೊಬ್ಬರು ತಲೆ ಹಾಕಿ, ವಿಡಿಯೋ ಚೆನ್ನಾಗಿ ಬರಬೇಕಾದರೆ ಕತ್ತಲೆ ಬೇಕು, ಎಲ್ಲ ಭಾಷಣಕಾರರೂ ಹೀಗೇ ಮಾತಾಡುವುದು, ಸಮಯ ಓಡುತ್ತಿದೆ ಎಂದು ಪಿಸುಗುಟ್ಟಿದರು. ಚಿಕ್ಕತ್ತೆ ಅವರತ್ತ ಬಲಗೈ ಚಾಚಿದರು. ಲಾರಿಗೆ ಚಾಚುವ ಅದೇ ಕೈ! ಮೇಷ್ಟರು ನಿಂತರು.

“ಮೊಕ ಕಾಣದೋರ ಜೊತೆ ನಾನ್ ಮಾತಾಡಲ್ಲ. ನೀವು ಲೈಟ್ ಆಕೋಗಂಟ ಇಂಗೇ ನಿಂತಿರ್ತೀನಿ.”

ನಿಂತೇ ಇದ್ದರು. ಗಡಿಯಾರ ಓಡಿತು. ಕೊನೆಗೆ ಹಿಂದಿನ ಸಾಲಿನ ಹುಡುಗಿಯರು “ಲೈಟ್, ಲೈಟ್” ಎಂದು ಶುರುಮಾಡಿ, ಸಭಾಂಗಣವೆಲ್ಲ ಅದನ್ನೇ ಕೂಗಿ, ದೀಪಗಳು ಹತ್ತಿಕೊಂಡವು. ಉಳಿದ ಚೂರು ಸಮಯದಲ್ಲಿ ಚಿಕ್ಕತ್ತೆ ನುಗ್ಗೆಮರದ ಕಥೆ, ಕಪ್ಪು ಗಾಜಿನ ಕಥೆ ಹೇಳಿ ಎಲ್ಲರನ್ನೂ ನಗಿಸಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು. ನನ್ನ ಪಕ್ಕದಲ್ಲಿದ್ದ ಮೈದುನ ಮುಂದಕ್ಕೆ ಬಾಗಿ ಕುಳಿತ.

“ಈ ಮಕ್ಕಳು ಕೊನೇಲಿ ಒಂದು ಮಾತು ಬರ್ಕೊಟ್ಟವ್ರೆ. ಇನ್ಮೇಲೆ ರಸ್ತೆಗೆ ಇಳಿಯಲ್ಲ ಅಂತ. ನನ್ ಮಗ ಅದ್ನ ಕೇಳಕ್ಕೇ ಬಂದವ್ನೆ.” ಮಗನ ಕಡೆಗೆ ಕೈ ತೋರಿಸಿದರು. “ಬೇಜಾರ್ ಮಾಡ್ಕೋಬೇಡ ಕಂದ. ಅದ್ನ ನಾನು ಏಳಲ್ಲ. ಗಾಡಿಗಳು ತಾವಾಗೇ ನಿಂತ ದಿನ ಮನೇಲಿ ಕೂತ್ಕೋತೀನಿ.”

ಚಪ್ಪಾಳೆ ಚಾವಣಿಗೆ ಬಡಿಯಿತು. ನನಗೆ ಕಂಡದ್ದು ಬೇರೆಯೇ ಒಂದು. ಅವರು ಕೈ ತೋರಿಸಿದ್ದು ಮಗನ ಕಡೆಗಲ್ಲ, ಮೂರು ಕುರ್ಚಿ ಆಚೆ ಕುಳಿತಿದ್ದ ಯಾರೋ ನೀಲಿ ಅಂಗಿಯವನ ಕಡೆಗೆ. ಮೈದುನ ಅಂದು ಹಾಕಿದ್ದದ್ದೂ ನೀಲಿ ಅಂಗಿಯೇ.

ಸಭೆ ಮುಗಿದ ಮೇಲೆ ಮೈದುನ ಕಾರಿನಲ್ಲಿ ಅಬ್ಬಿಗೆರೆಗೆ ಕರೆತಂದ. ಗುಡಿಯ ಬದಿಗೆ ನಮ್ಮಿಬ್ಬರನ್ನೂ ಇಳಿಸಿ, ಪೆಟ್ರೋಲ್ ಹಾಕಿಸುವ ನೆವ ಹೇಳಿ ಹೊರಟುಬಿಟ್ಟ. ಸಂಜೆಯ ಆಫೀಸು ಬಿಡುವ ಹೊತ್ತು, ರಸ್ತೆ ತುಂಬಿ ಹರಿಯುತ್ತಿತ್ತು. ನಾನು ಎಂದಿನಂತೆ ಚಿಕ್ಕತ್ತೆಯ ಬೆನ್ನ ಹಿಂದೆ ಸರಿದು ನಿಂತೆ. ಅವರ ಬಲಗೈ ಏಳಲೇ ಇಲ್ಲ.

“ಚಿಕ್ಕತ್ತೆ, ದಾಟೋಣವಾ?”

“ನೀನ್ ಕೈ ಆಕು.”

“ನಾನಾ?”

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಒರೆಸಲು ಅದರಲ್ಲಿ ಏನೂ ಇರಲಿಲ್ಲ. “ಮೊಕ ಕಾಣ್ಸಲ್ಲ ಕಣಮ್ಮಿ. ಯುಗಾದಿಗೂ ಮುಂಚಿಂದ. ಎಲ್ಲಾ ಮಂಜು ಮಂಜು. ಅವನಿಗೆ ಏಳ್ಬೇಡ, ಬೀಗ ಆಕ್ಕೊಂಡು ಕೂರಿಸ್ಬಿಡ್ತಾನೆ.”

ಮೊಣಕೈಯ ನೇರಳೆ ಬಣ್ಣ, ಕಾಳಿನ ಪಾತ್ರೆಗೆ ಬಿದ್ದ ಸಿಪ್ಪೆ, ಓದದೆ ಹಿಂದಿರುಗಿಸಿದ ಕಾಗದ, ಎಲ್ಲವೂ ಒಟ್ಟಿಗೇ ನನ್ನ ಕಣ್ಣ ಮುಂದೆ ಬಂದವು. ನಾಳೆಯೇ ಕಣ್ಣಿನ ಡಾಕ್ಟರ ಹತ್ತಿರ ಹೋಗುವುದಾದರೆ ಮಾತ್ರ ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದೆ. “ನೋಡಾಣ” ಎಂದರು. “ನೋಡಾಣ ಅಲ್ಲ, ಹೂಂ ಅನ್ನಿ” ಎಂದೆ. ಅವರೊಂದಿಗೆ ಇಷ್ಟು ಗಟ್ಟಿಯಾಗಿ ನಾನೆಂದೂ ಮಾತಾಡಿದವಳಲ್ಲ. ಕನ್ನಡಕ ಏರಿಸಿಕೊಂಡು “ಹೂಂ” ಎಂದರು. “ಕಣ್ಣು ಸರಿಯಾಗೋಗಂಟ ಬೆಳಿಗ್ಗೆ ನೀನೂ ಬರ್ಬೇಕು.”

ಅವರ ಕೈಯನ್ನು ಎಡಗೈಯಲ್ಲಿ ಹಿಡಿದೆ. ಬಲಗೈಯನ್ನು ಅಡ್ಡ ಚಾಚಿದೆ. ಬರುತ್ತಿದ್ದದ್ದು ಒಂದು ನೀರಿನ ಟ್ಯಾಂಕರ್. ಬಲಗಡೆ, ಎಡಗಡೆ, ಮತ್ತೆ ಬಲಗಡೆ ಎಂಬುದನ್ನೆಲ್ಲ ಬಿಟ್ಟು, ಗಾಜಿನ ಹಿಂದಿದ್ದ ಮುಖವೊಂದನ್ನೇ ನೋಡುತ್ತ ರಸ್ತೆಗಿಳಿದೆ. ಆತ ಉದ್ದಕ್ಕೂ ಹಾರನ್ ಒತ್ತಿದ.

“ಒಬ್ಬರ ಮನೆ ಬಾಗಿಲಲ್ಲಿ ಹಾಗೆಲ್ಲ ಕಿರುಚಬಾರದು” ಎಂದೆ, ನನ್ನ ಕಾನ್ವೆಂಟ್ ಗಂಟಲಿನಲ್ಲೇ.

ನಡುರಸ್ತೆಯಲ್ಲಿ ಚಿಕ್ಕತ್ತೆ ನನ್ನ ಬೆರಳುಗಳನ್ನು ಅಮುಕಿದರು. “ನಗ್ತಾವ್ನಾ?”

“ನಗ್ತಿದ್ದಾನೆ ಚಿಕ್ಕತ್ತೆ.”

ಅವನು ನಗುತ್ತಿರಲಿಲ್ಲ. ಆದರೆ ನಿಂತಿದ್ದ.