ಮೂಗು ಕೊಟ್ಟು ತಂದ ಕಂಬಳಿ

ಇಂಗ್ಲೆಂಡಿನ ರಾಣಿ ಕೊಟ್ಟ ಕೆಂಪು ಕಂಬಳಿಯನ್ನು ಹೊದ್ದು ಮಾಟುಕು ಊರಬೇಲಿ ದಾಟಿ ಬಂದಾಗ ಹೊತ್ತು ಇನ್ನೂ ಏರಿರಲಿಲ್ಲ. ನದಿ ಕಡಲು ಸೇರುವಲ್ಲಿ ಬಿಳಿಯರ ಹಡಗೊಂದು ಲಂಗರು ಹಾಕಿತ್ತು. ಅದರಿಂದಿಳಿದ ಸಾಹೇಬನೊಬ್ಬ ಡೇರೆ ಹೊಡೆದು, ಆ ದ್ವೀಪದ ಮೂಲಜನರಾದ ಮಾವೊರಿಗಳ ಸುತ್ತಲಿನ ನಾಯಕರನ್ನು ಕರೆಸಿ, ರಾಣಿಯ ಒಪ್ಪಂದಕ್ಕೆ ಗುರುತು ಹಾಕಿಸಿಕೊಂಡು, ಹಾಕಿದವರಿಗೆಲ್ಲ ಒಂದೊಂದು ಕಂಬಳಿ ಕೊಡುತ್ತಿದ್ದ. ಮಾಟುಕು ನಾಯಕನಾಗಿದ್ದ ಊರಿನಲ್ಲಿ ಇದ್ದದ್ದು ಮೂವತ್ತೇ ಮನೆ. ಆದರೂ ನಾಯಕ ನಾಯಕನೇ. ಅವನೂ ಹೋಗಿ, ಸಹಿಯಾಗಿ ತನ್ನ ಮೂಗಿನ ಮೇಲಿನ ಹಚ್ಚೆಯ ಸುರುಳಿಯನ್ನು ಕಾಗದದ ಮೇಲೆ ಚೆಂದವಾಗಿ ಬರೆದು ಬಂದಿದ್ದ.

ಹೆಂಡತಿ ಮಿಹಿರೋವಾ ಬಿಸಿಗಲ್ಲಿನ ಅಡುಗೆಗುಂಡಿಗೆ ಗೆಣಸು ತುಂಬುತ್ತಿದ್ದವಳು ತಲೆಯೆತ್ತಿದಳು.

"ಇದಕ್ಕೆ ಏನು ಕೊಟ್ಟೆ?"

"ಏನೂ ಇಲ್ಲ ಕಣೆ. ಮೂಗು ಬರೆದುಕೊಟ್ಟೆ, ಅಷ್ಟೇ."

"ಮೂಗು ಕೊಟ್ಟು ಕಂಬಳಿ ತಂದ್ಯಾ?"

ಮಾತು ಬೇಲಿಯ ಈ ತುದಿಯಿಂದ ಆ ತುದಿಗೆ ಹೋಗುವುದರೊಳಗೆ ಮಾಟುಕುವಿನ ಮೂಗು ಹಡಗು ಹತ್ತಿಬಿಟ್ಟಿತ್ತು. ಜನ ಒಬ್ಬೊಬ್ಬರಾಗಿ ಬಂದು ಅವನ ಮುಖವನ್ನು ಇಣುಕಿ ನೋಡಿದರು. ಸೋದರತ್ತೆ ರೌಕುರಾ ಎರಡು ಬೆರಳಲ್ಲಿ ಅವನ ಮೂಗನ್ನು ಹಿಡಿದು ಅಲ್ಲಾಡಿಸಿ, "ಸದ್ಯ, ಇಲ್ಲೇ ಇದೆ," ಎಂದಳು. "ಕಾಗದದಲ್ಲಿ ಏನಿತ್ತು ಮಗಾ?"

"ನೆಲ ನಮ್ದೇ, ಯಜಮಾನಿಕೆ ನಮ್ದೇ ಅಂತ. ಸಾಹೇಬನ ಜೊತೆಗಿದ್ದ ಪಾದ್ರಿ ನಮ್ಮ ಮಾತಲ್ಲೇ ಓದಿ ಹೇಳಿದ."

"ನಮ್ದು ನಮ್ದೇ ಅಂತ ಹೇಳೋಕೆ ಅಷ್ಟು ದೂರದಿಂದ ಹಡಗು ಬರ್ಬೇಕಿತ್ತಾ?"

ಮಾಟುಕು ಸೆಕೆಯೆಂದು ಕಂಬಳಿ ತೆಗೆದು ಪಕ್ಕಕ್ಕಿಟ್ಟ. ಅಷ್ಟರಲ್ಲಿ ಮಿಹಿರೋವಾಳ ತಮ್ಮ ಟಾವ್ಹಾ ದೋಣಿಯಿಂದ ಹಾರಿ ಏದುಸಿರು ಬಿಡುತ್ತ ಓಡಿಬಂದ.

"ಭಾವಾ, ಗುರುತು ಹಾಕ್ಬೇಡ! ಕಾಗದ ಎರಡು ಇದಾವಂತೆ. ದಡದಲ್ಲಿ ಅಂಗಡಿ ಇಟ್ಟಿರೋ ಬಿಳಿ ಮುದುಕ ಹೇಳ್ದ. ನಮ್ಮ ಮಾತಿನದರಲ್ಲಿ ಯಜಮಾನಿಕೆ ನಮ್ದು, ಇಂಗ್ಲಿಷಿನದರಲ್ಲಿ ಪೂರ್ತಿ ರಾಣಿದು!"

"ನಾನು ಹಾಕಿದ್ದು ನಮ್ಮ ಮಾತಿನದಕ್ಕೆ ಕಣೋ," ಎಂದ ಮಾಟುಕು ಎದೆಯುಬ್ಬಿಸಿ.

"ರಾಣಿ ಯಾವ ಮಾತಲ್ಲಿ ಓದ್ತಾಳೆ?" ಎಂದಳು ಅತ್ತೆ.

ಉಬ್ಬಿದ ಎದೆ ತೂತುಬಿದ್ದ ತಿದಿಯಂತೆ ಇಳಿದುಹೋಯಿತು. ಕಂಬಳಿ ಹಿಂದಕ್ಕೆ ಕೊಟ್ಟು ಮೂಗನ್ನು ಬಿಡಿಸಿಕೊಂಡು ಬರಬೇಕೆಂದು ಊರು ತೀರ್ಮಾನಿಸಿತು. ಕಡಲ ಇಳಿತ ಶುರುವಾದರೆ ಹಡಗು ಹೊರಡುತ್ತದೆ, ತಡಮಾಡುವಂತಿರಲಿಲ್ಲ. ಆದರೆ ಕಂಬಳಿ ಎಲ್ಲಿ?

ಗೆಣಸಿನ ಕಣಜದ ಹಿಂದೆ ಸಿಕ್ಕಿತು. ಅತ್ತೆಯ ಹೆಣ್ಣುಹಂದಿ ಅದರ ಮೇಲೆ ಮಹಾರಾಣಿಯ ಹಾಗೆ ಪವಡಿಸಿ, ಏಳು ಮರಿಗಳಿಗೆ ಹಾಲೂಡಿಸುತ್ತಿತ್ತು. ಟಾವ್ಹಾ ಕಂಬಳಿ ಎಳೆದ. ಹಂದಿ ಟಾವ್ಹಾನನ್ನೇ ಎಳೆಯಿತು. ಅರ್ಧ ಊರು ಸೇರಿ ಕಂಬಳಿ ಬಿಡಿಸಿತು. ಹೊಳೆಯಲ್ಲಿ ತೊಳೆದದ್ದೇ ತಡ, ಅದು ನೀರು ಕುಡಿದು, ಸತ್ತ ಕಡಲುನಾಯಿಯಷ್ಟು ಭಾರವಾಯಿತು.

ದೋಣಿಯಲ್ಲಿ ಆರು ಜನರಿಗೆ ಜಾಗ. ಸಲಹೆ ಕೊಡಲು ಹನ್ನೊಂದು ಜನ ಹತ್ತಿದರು.

"ಎಡಕ್ಕೆ ಹಾಕು!"

"ಬಲಕ್ಕೆ ಕಣೋ, ಕಣ್ಣಿಲ್ವಾ?"

ಎರಡು ಮಾತೂ ಕೇಳಿದ ದೋಣಿ ಯಾರಿಗೂ ಬೇಸರವಾಗದಿರಲೆಂದು ನೇರ ಮರಳದಿಬ್ಬಕ್ಕೆ ಹೋಗಿ ಗುದ್ದಿತು. ಕಂಬಳಿಯನ್ನು ಅಪ್ಪಿಕೊಂಡು ಮುಂದೆ ಕೂತಿದ್ದ ಮಾಟುಕು ಅದರ ಸಮೇತ ನೀರಿಗೆ ಬಿದ್ದ.

ಡೇರೆಯ ಮುಂದೆ ಅವನು ನಿಂತಾಗ ಮೈಯಿಂದ ಹನ್ನೆರಡು ಕಡೆ ನೀರು ಸೋರುತ್ತಿತ್ತು. ಪಾದ್ರಿ ಇರಲಿಲ್ಲ, ಕಾಯಿಲೆಯವರನ್ನು ನೋಡಲು ಹೋಗಿದ್ದನಂತೆ. ಅವನ ಬದಲು ಒಬ್ಬ ನಾವಿಕ ದುಭಾಷಿಯಾಗಿದ್ದ. ಅವನು ಮಾವೊರಿ ಕಲಿತದ್ದು ಹಂದಿ, ಆಲೂಗಡ್ಡೆ ಕೊಳ್ಳುವುದಕ್ಕೆ.

"ಈ ಕಂಬಳಿ ತಗೊಳ್ಳಿ, ನನ್ನ ಮೂಗು ಕೊಡಿ," ಎಂದ ಮಾಟುಕು ಗಂಭೀರವಾಗಿ.

"ಕಂಬಳಿ! ಹೌದು, ಹೌದು! ಬಹಳ ಒಳ್ಳೆಯದು!" ಎಂದ ನಾವಿಕ. ಸಾಹೇಬನಿಗೆ ಏನೋ ಹೇಳಿದ. ಸಾಹೇಬ ಒದ್ದೆ ಕಂಬಳಿಯನ್ನು ನೋಡಿ ಪಾಪ ಎನ್ನುವಂತೆ ತಲೆಯಾಡಿಸಿ, ಮೇಜಿನ ಮೇಲಿದ್ದ ಹಾಳೆಯನ್ನೂ ಬರೆಯುವ ಗರಿಯನ್ನೂ ಮುಂದೆ ತಳ್ಳಿದ.

"ಇಲ್ಲಿ ಬರಿ. ಮುಗೀತು. ಮನೆಗೆ ಹೋಗು," ಎಂದ ನಾವಿಕ.

"ಮತ್ತೆ ಯಾಕೆ ಬರೆಯೋದು?" ಎಂದಳು ಮಿಹಿರೋವಾ.

"ಬಿಡಿಸಿಕೊಂಡಿದ್ದಕ್ಕೆ ಗುರುತು ಬೇಡ್ವೇನೆ? ಅವರಲ್ಲಿ ಎಲ್ಲದಕ್ಕೂ ಬರವಣಿಗೆ," ಎಂದ ಮಾಟುಕು, ಬಲ್ಲವನಂತೆ. ಮೂಗನ್ನು ಬಿಡಿಸಿಕೊಳ್ಳುವಾಗ ಮತ್ತೆ ಮೂಗನ್ನೇ ಬರೆದರೆ ಗೊಂದಲವಾದೀತೆಂದು ಜಾಣತನ ಮಾಡಿ, ಈ ಸಲ ಗದ್ದದ ಹಚ್ಚೆಯನ್ನು ಬರೆದ.

ಸಾಹೇಬ ಕೈಕುಲುಕಿದ. ನಾವಿಕರು ಟೋಪಿ ಎಸೆದು ಜೈಕಾರ ಹಾಕಿದರು. ಊರಿನ ಹತ್ತು ಜನರೂ ಮೂಗು ಬಂದಿತೆಂದು ಅವರಿಗಿಂತ ಜೋರಾಗಿ ಕೂಗಿ ಕುಣಿದರು. ಹಾಳೆ ಸುರುಳಿಯಾಗಿ ತಗಡಿನ ಪೆಟ್ಟಿಗೆ ಸೇರಿತು. ಸಾಹೇಬನೂ ಪೆಟ್ಟಿಗೆಯೂ ಹಡಗಿನತ್ತ ಹೊರಟರು. ಹೋಗುವ ಮುಂಚೆ ನಾವಿಕ ಮಾಟುಕುವಿನ ಹೆಗಲ ಮೇಲೆ ಒಣ, ಹೊಚ್ಚಹೊಸ ಕಂಬಳಿಯೊಂದನ್ನು ಹೊದಿಸಿದ.

ಕುಣಿತ ನಿಂತಿತು.

ಆಗ, ದಾರಿಯಲ್ಲಿ ಸಿಕ್ಕ ಸಾಹೇಬನಿಂದ ಸುದ್ದಿ ತಿಳಿದ ಪಾದ್ರಿ ದಡದುದ್ದಕ್ಕೂ ಓಡಿಬಂದ. "ಮಾಟುಕು! ಮತ್ತೆ ಹಾಕಿದ್ಯಾ?"

"ಇಲ್ಲಪ್ಪ, ಬಿಡಿಸಿಕೊಂಡೆ."

"ಬಿಡಿಸಿಕೊಂಡ್ಯಾ? ಬೆಳಿಗ್ಗೆ ನೀನು ಹಾಕಿದ ಹಾಳೆ ಇಲ್ಲಿ ನನ್ನ ಚೀಲದಲ್ಲೇ ಇದೆ. ಮೇಜಿನ ಮೇಲಿದ್ದದ್ದು ಇಂಗ್ಲಿಷಿನದು!" ಪಾದ್ರಿ ಹಣೆ ಒರೆಸಿಕೊಂಡ. "ಗದ್ದ ಬರೆದ್ಯಂತೆ. ಅವರ ಪ್ರಕಾರ ನೀನೀಗ ಇಬ್ಬರು ನಾಯಕರು."

ಹಡಗು ಹಾಯಿ ಬಿಚ್ಚಿತು. ಒಂದು ತೋಳಲ್ಲಿ ಒದ್ದೆ ಕಂಬಳಿ, ಹೆಗಲ ಮೇಲೆ ಒಣ ಕಂಬಳಿ ಹೊತ್ತು ಮಾಟುಕು ಮರಳಿನಲ್ಲಿ ನಿಂತೇ ಇದ್ದ. ನಗಬೇಕೋ ಅಳಬೇಕೋ ಯಾರಿಗೂ ತಿಳಿಯಲಿಲ್ಲ. ಮೊದಲು ಕಿಸಕ್ಕೆಂದವಳು ಅತ್ತೆ ರೌಕುರಾ. ಆಮೇಲೆ ಇಡೀ ದೋಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಮಿಹಿರೋವಾ ಮಾತ್ರ ನಗಲಿಲ್ಲ. ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದಳು.

"ಇನ್ನೂ ಹಣೆ ಉಳಿದಿದೆ, ಎರಡು ಕೆನ್ನೆ ಉಳಿದಿದೆ," ಎಂದಳು. "ಇನ್ನೊಂದು ಹಡಗು ಬರೋದರೊಳಗೆ ನಡಿ ಮನೆಗೆ."